ಸ್ಟೋರಮ್ಮನ ನೂರು ಪದ

ಆ ಮನೆಯಲ್ಲಿ ಓದುವ ಹುಡುಗಿಯೊಬ್ಬಳನ್ನು ಬಿಟ್ಟರೆ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಆದರೆ ಇಂಗ್ಲಿಷಿನ ವಿಷಯಕ್ಕೆ ಜಗಳವಿಲ್ಲದೆ ಊಟ ಮುಗಿದ ದಿನವೂ ಇರಲಿಲ್ಲ.

ಜಗಳ ತೆಗೆಯುವವರು ತಾತ. ನಲವತ್ತೊಂದು ವರ್ಷ ಒಂದೇ ಮುದ್ರಣಾಲಯದಲ್ಲಿ ನಿಂತುಕೊಂಡು ಸೀಸದ ಅಕ್ಷರದ ಮೊಳೆ ಜೋಡಿಸಿದವರು. ಬೀದಿಯವರ ಬಾಯಲ್ಲಿ ಅವರು 'ಮೊಳೆ ತಾತ'. ಔಷಧದ ಶೀಷೆಗೆ ಅಂಟಿಸುವ ಚೀಟಿಗಳೆಲ್ಲ ಆ ಮುದ್ರಣಾಲಯದಲ್ಲೇ ಅಚ್ಚಾಗುತ್ತಿದ್ದವು. ಅಷ್ಟು ವರ್ಷ ಇಂಗ್ಲಿಷ್ ಜೋಡಿಸಿದರೂ ಅವರಿಗೆ ಒಂದು ವಾಕ್ಯ ಮಾತಾಡಲು ಬರದು. ಅಕ್ಷರಗಳನ್ನು ಮಾತ್ರ ಬಲದಿಂದ ಎಡಕ್ಕೂ ತಲೆಕೆಳಗಾಗಿಯೂ ಗುರುತಿಸಬಲ್ಲರು.

"ಕಾಫ್ ಸಿರಪ್ ಅಂತಾರೆ. ಕಾಫ್‌ನಲ್ಲಿ ಎಫ್ ಎಲ್ಲಿದೆ ತೋರಿಸಿ ನೋಡೋಣ! ಓ, ಯು, ಜಿ, ಎಚ್. ನಾಲ್ಕು ಜನ ಕೂತಿದಾರೆ, ಒಬ್ಬನೂ ತನ್ನ ಕೆಲಸ ಮಾಡ್ತಿಲ್ಲ."

"ಆಫೀಸುಗಳು ಇರೋದೇ ಹಾಗೆ" ಎಂದ ಅವರ ಮಗ, ಬೇಳೆಸಾರು ಬಡಿಸಿಕೊಳ್ಳುತ್ತಾ. ಅವನು ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟಿನವನು ಎಂದರೆ ಆ ಕಡೆಯಲ್ಲೆಲ್ಲ ಗೊತ್ತು.

"ನಗಬೇಡ. ಆ ನಾಲ್ಕನ್ನೂ ಒಂದೊಂದಾಗಿ ಎತ್ತಿ ಜೋಡಿಸಿದವನು ನಾನು. ಅಚ್ಚಾದ ಮೇಲೆ ಬಿಡಿಸಿ ವಾಪಸ್ ಖಾನೆಗೆ ಹಾಕೋವಾಗ ಮತ್ತೆ ನಾಲ್ಕು. ಈ ಬೆರಳು ಸವೆದಿದ್ದು ಮಾತಾಡೋ ಅಕ್ಷರಗಳಿಂದ ಅಲ್ಲಯ್ಯ, ಬಾಯಿ ಮುಚ್ಕೊಂಡು ಕೂತ ಅಕ್ಷರಗಳಿಂದ."

ಹೆಬ್ಬೆರಳು, ತೋರುಬೆರಳುಗಳ ತುದಿ ನಿಜಕ್ಕೂ ಚಪ್ಪಟೆಯಾಗಿ, ನುಣ್ಣಗೆ ಹೊಳೆಯುತ್ತಿತ್ತು.

ಇಂಗ್ಲಿಷನ್ನು ಹೇಳಿದ ಹಾಗೆಯೇ ಬರೆಯಬೇಕು, ಮಾತಾಡದ ಅಕ್ಷರಗಳನ್ನೆಲ್ಲ ಮನೆಗೆ ಕಳಿಸಬೇಕು ಎಂದು ಅವರು ಒಂದು ಮನವಿಯನ್ನೇ ಬರೆದಿಟ್ಟಿದ್ದರು. ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಎರಡು ಸಲ ಶುದ್ಧಪ್ರತಿ ಮಾಡಿಕೊಟ್ಟಿದ್ದಳು. ಅದು ಹೊರಡದೆ ಉಳಿದದ್ದು ಒಂದೇ ಕಾರಣಕ್ಕೆ: ಯಾವ ವಿಳಾಸಕ್ಕೆ ಕಳಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

"ಇಂಗ್ಲಿಷಿಗೆ ಹೆಡ್ ಆಫೀಸ್ ಇಲ್ವಾ?" ಎಂದು ಅಜ್ಜಿ ಕೇಳಿದ್ದಳು.

"ಇಲ್ಲ ಅಜ್ಜಿ. ಅದಕ್ಕೆ ಯಜಮಾನರೇ ಇಲ್ಲ."

"ಯಜಮಾನ ಇಲ್ಲದೆ ಇಷ್ಟು ದರ್ಬಾರು ಮಾಡುತ್ತಾ?"

ಈ ಮಾತುಗಳ ನಡುವೆ ಎದ್ದು ಕೂತು ಬಡಿಸುತ್ತಾ, ಕೊನೆಗೆ ಪಾತ್ರೆಯ ತಳ ಕೆರೆದುಕೊಂಡು ಉಣ್ಣುತ್ತಾ ಇದ್ದವಳು ಸೊಸೆ. ಅವಳಿಗೆ ಈ ಜಗಳ ಮಳೆಯ ಸದ್ದಿನ ಹಾಗೆ. ಹೊರಗೆಲ್ಲೋ ಬೀಳುತ್ತಿದೆ, ನಮ್ಮ ಮೇಲಲ್ಲ. ಒಂದು ಸೋಮವಾರ ಅದು ಅವಳ ಮೇಲೂ ಬಿತ್ತು.

*

ಅವಳು ದೊಡ್ಡಾಸ್ಪತ್ರೆಯ ಔಷಧ ಸ್ಟೋರಿನಲ್ಲಿ ಹನ್ನೊಂದು ವರ್ಷದಿಂದ ಆಯಾ. ನೆಲಮಾಳಿಗೆಯ ಉದ್ದನೆಯ ಕೋಣೆ. ಕಬ್ಬಿಣದ ಕಪಾಟುಗಳ ಹದಿನಾಲ್ಕು ಸಾಲು. ಪೆಟ್ಟಿಗೆ ಬಂದರೆ ಇಳಿಸುವುದು, ಒಡೆಯುವುದು, ಸಾಲಿಗೆ ಸೇರಿಸುವುದು, ವಾರ್ಡಿನವರು ಕೇಳಿದ್ದನ್ನು ಎತ್ತಿಕೊಡುವುದು ಅವಳ ಕೆಲಸ. ಹೆಸರಿಗೆ ಸ್ಟೋರ್ ಕೀಪರ್ ಬೇರೆ ಇದ್ದರೂ ಎಲ್ಲರೂ 'ಸ್ಟೋರಮ್ಮ' ಅನ್ನುತ್ತಿದ್ದುದು ಇವಳನ್ನೇ. ಅವಳು ಬಂದ ಮೇಲೆ ಮೂವರು ಕೀಪರುಗಳು ಬಂದುಹೋಗಿದ್ದರು. ಮೂವರಿಗೂ ಯಾವುದು ಎಲ್ಲಿದೆ ಎಂದು ತೋರಿಸಿಕೊಟ್ಟವಳು ಅವಳೇ. ಕರೆಂಟು ಹೋದಾಗ ಕತ್ತಲಲ್ಲಿ ಕೈಯಾಡಿಸಿ, ಪೆಟ್ಟಿಗೆಯ ತೂಕದಿಂದ, ರಟ್ಟಿನ ನುಣುಪಿನಿಂದ, ಒಳಗಿನ ಕುಲುಕಾಟದಿಂದ ಇದು ಸಿರಿಂಜು, ಇದು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಇದು ಜ್ವರದ ಮಾತ್ರೆ ಎಂದು ಹೇಳಿಬಿಡುತ್ತಿದ್ದಳು. ನರ್ಸುಗಳು ಹೇಳುವ ಇಂಗ್ಲಿಷ್ ಹೆಸರುಗಳೆಲ್ಲ ಅವಳ ಬಾಯಲ್ಲಿ ಸಲೀಸು. ಇಂಗ್ಲಿಷ್ ಅಕ್ಷರಗಳು ಗೊತ್ತಿದ್ದರೂ ಅವನ್ನು ತಪ್ಪಿಲ್ಲದೆ ಬರೆಯಲು ಮಾತ್ರ ಬಾರದು.

ಈಗಿನ ಕೀಪರ್ ಮುಂದಿನ ತಿಂಗಳ ಕೊನೆಗೆ ನಿವೃತ್ತಿ. ಆ ಜಾಗಕ್ಕೆ ಹೊರಗಿನವರನ್ನು ತರುವುದಿಲ್ಲ, ಆಸ್ಪತ್ರೆಯ ಕೆಲಸಗಾರರೇ ಪರೀಕ್ಷೆ ಬರೆಯಬಹುದು ಎಂದು ನೋಟಿಸು ಅಂಟಿಸಿದ್ದರು. ಔಷಧ ವಿಭಾಗದ ಮೇಡಂ ಓದಿ ಹೇಳಿದರು: "ನೂರು ಪದ. ಔಷಧಿ, ಸಾಮಾನು, ಕಾಯಿಲೆಗಳ ಹೆಸರು, ಪಟ್ಟಿ ಇಲ್ಲಿದೆ. ಅವರು ಇಂಗ್ಲಿಷಲ್ಲಿ ಹೇಳ್ತಾರೆ, ನೀವು ತಪ್ಪಿಲ್ಲದೆ ಬರೀಬೇಕು. ಎಂಬತ್ತು ಸರಿ ಇದ್ರೆ ಪಾಸು. ಐದು ವಾರ ಟೈಮಿದೆ. ಬರೀರಿ ಸ್ಟೋರಮ್ಮ, ನಿಮಗಿಂತ ಬೇರೆ ಯಾರಿಗೆ ಸಲ್ಲಬೇಕು ಅದು?"

ಅವಳ ಬಲಭುಜ ಎರಡು ವರ್ಷದಿಂದ ಹರಿದ ಹೊಲಿಗೆಯ ಹಾಗಾಗಿತ್ತು. ಡಾಕ್ಟರು ಕೈ ಎತ್ತಿಸಿ ನೋಡಿ ಹೇಳಿದ್ದರು: "ಭಾರ ಎತ್ತೋದು ನಿಲ್ಲಿಸಿ. ಇಲ್ಲಾಂದ್ರೆ ಇನ್ನೆರಡು ವರ್ಷಕ್ಕೆ ಈ ಕೈಯಲ್ಲಿ ತಲೆ ಬಾಚ್ಕೊಳ್ಳೋಕೂ ಆಗಲ್ಲ." ಆಯಾ ಎಂದರೆ ಎತ್ತಲೇಬೇಕು. ಕೀಪರ್ ಎಂದರೆ ಕುರ್ಚಿ, ಮೇಜು, ಪೆನ್ನು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅಂದು ಆಲೂಗಡ್ಡೆ ಸುಲಿಯುತ್ತಾ ಮನೆಯಲ್ಲಿ ಹೇಳಿದಳು.

"ನೂರು ಪದ ತಾನೆ? ನಾನು ಕಲಿಸ್ತೀನಮ್ಮ" ಎಂದಳು ಮಗಳು. ಅವಳಿಗೆ ಹದಿನಾರು.

"ನಲವತ್ತರ ಹತ್ರ ಬಂದು ಪರೀಕ್ಷೆನಾ? ಫೇಲಾದ್ರೆ ಅಲ್ಲೇ ದಿನಾ ಅವರ ಮುಖ ನೋಡಬೇಕಲ್ಲೇ" ಎಂದ ಲಿಫ್ಟಿನವನು.

"ಈಗ ಅವರ ಕಾಲು ನೋಡ್ತಾ ಇದೀನಿ. ಬಗ್ಗಿ ಪೆಟ್ಟಿಗೆ ಎತ್ತೋರಿಗೆ ಮುಖ ಕಾಣಲ್ಲ ರೀ."

ಅವನು ಎದ್ದು ಕೈಕಾಲು ತೊಳೆಯಲು ಹೋದ.

ತಾತ ಮಾತ್ರ ಕಣ್ಣರಳಿಸಿ ಕೂತಿದ್ದರು. "ಇದಕ್ಕೇ ನಾನು ಬಡ್ಕೊಳ್ಳೋದು! ಹೇಳಿದ ಹಾಗೆ ಬರೆಯೋ ಹಾಗಿದ್ದಿದ್ರೆ ನನ್ನ ಸೊಸೆ ಇವತ್ತೇ ಕೀಪರು. ಮನವೀಲಿ ಇದನ್ನೂ ಸೇರಿಸಬೇಕು."

"ಮಾವ, ಇಂಗ್ಲಿಷನ್ನ ಆಮೇಲೆ ಸರಿ ಮಾಡಿ. ನನಗಿರೋದು ಐದು ವಾರ."

*

ಮೊದಲ ವಾರ ಮಗಳು ಕಲಿಸಿದಳು. ಬೆಳಿಗ್ಗೆ ಐದೂವರೆಗೆ ಒಂದು ಕಡೆ ಅನ್ನ ಬೇಯುತ್ತಿರುವಾಗ, ಇನ್ನೊಂದು ಕಡೆ ಹಳೆಯ ನೋಟುಬುಕ್ಕಿನಲ್ಲಿ ತಾಯಿ ಬರೆಯುವಳು. ಕೇಳಿದ್ದನ್ನು ಕೇಳಿದ ಹಾಗೆ ಬರೆಯುವಳು. ಮಗಳು ಅಡ್ಡಗೆರೆ ಎಳೆಯುವಳು.

"ನ್ಯುಮೋನಿಯಾಗೆ ಮುಂದೆ ಪಿ ಬರುತ್ತಮ್ಮ."

"ಯಾರೂ ಪಿ ಅನ್ನಲ್ವಲ್ಲೇ. ಹನ್ನೊಂದು ವರ್ಷದಿಂದ ಒಬ್ಬ ಡಾಕ್ಟರ ಬಾಯಲ್ಲೂ ಕೇಳಿಲ್ಲ."

"ಅನ್ನಲ್ಲ. ಬರೀತಾರೆ."

"ಯಾಕೆ?"

"ಯಾಕೆ ಅಂತ ಕೇಳಬೇಡ. ಅದು ಹಾಗೇ."

ಹೀಗೆ ನಾಲ್ಕು ದಿನ. ಐದನೇ ದಿನ ನೂರಕ್ಕೆ ಹತ್ತೊಂಬತ್ತು ಸರಿ. ಒಲೆಯ ಮೇಲಿದ್ದ ಅನ್ನ ಸೀದು ವಾಸನೆ ಬಂತು. ತಾಯಿ ಪೆನ್ನನ್ನು ಗೋಡೆಗೆ ಎಸೆದಳು. ಮಗಳು "ಗಮನ ಕೊಡಲ್ಲ ನೀನು" ಎಂದು ಕೂಗಿದಳು. "ನಿನ್ನಷ್ಟು ಓದಿಸೋಕೆ ನನ್ನನ್ನ ಯಾರೂ ಸ್ಕೂಲಿಗೆ ಕಳಿಸಲಿಲ್ಲಮ್ಮ" ಎಂದು ತಾಯಿ ಅಂದಿದ್ದಕ್ಕೆ ಹುಡುಗಿ ಅಳುತ್ತಾ ಉಪವಾಸ ಕಾಲೇಜಿಗೆ ಹೋದಳು.

ಆ ಭಾನುವಾರದ ಊಟಕ್ಕೆ ಮತ್ತೆ ಅದೇ ಚರ್ಚೆ. ತಾತ ಮೊಟ್ಟೆ ಸುಲಿಯುತ್ತಾ ಶುರು ಮಾಡಿದರು. ಮೊಮ್ಮಗಳು ಈ ಸಲ ಬಿಡಲಿಲ್ಲ.

"ತಾತ, ಹೇಳಿದ ಹಾಗೆ ಬರೀಬೇಕು ಅಂತೀರಲ್ಲ, ಯಾರು ಹೇಳಿದ ಹಾಗೆ? ನಮ್ಮ ಮಿಸ್ ಒಂಥರ ಹೇಳ್ತಾರೆ, ಅಪ್ಪ ಒಂಥರ, ಟೀವಿಯವರು ಇನ್ನೊಂಥರ. ಮನೆಗೊಂದು ಸ್ಪೆಲಿಂಗ್ ಆಗುತ್ತೆ."

"ಆಗಲಿ. ಏನೀಗ?"

"ಆಮೇಲೆ ಒಬ್ಬರು ಬರೆದದ್ದು ಒಬ್ಬರಿಗೆ ಅರ್ಥ ಆಗಲ್ಲ. ಹಳೇ ಪುಸ್ತಕ ಎಲ್ಲ ಓದೋಕಾಗಲ್ಲ. ಆ ಸುಮ್ಮನಿರೋ ಅಕ್ಷರಗಳಲ್ಲಿ ಸುಮಾರಷ್ಟನ್ನ ಹಿಂದೆ ಜನ ಹೇಳ್ತಾನೇ ಇದ್ರಂತೆ. ನೈಫ್‌ಗೆ ಮುಂದೆ ಕೆ ಇದೆಯಲ್ಲ, ಅದನ್ನೂ. ಬಾಯಿ ಮುಂದೆ ಹೋಯ್ತು, ಬರವಣಿಗೆ ಅಲ್ಲೇ ನಿಂತಿತು. ವಯಸ್ಸಾಗಿ ಮಾತು ನಿಂತವರನ್ನ ಮನೆಯಿಂದ ಹೊರಗೆ ಹಾಕ್ತೀವಾ?"

"ಮಾತು ನಿಂತ ಮುದುಕರು ಬೇರೆಯವರ ದಾರಿಗೆ ಅಡ್ಡ ಮಲಗಲ್ಲ" ಎಂದರು ತಾತ.

ಅಜ್ಜಿ ನಕ್ಕಳು. ಎಲ್ಲದಕ್ಕೂ ಅವಳ ಬಳಿ ಒಂದು ಕಥೆಯಿರುತ್ತಿತ್ತು. ತಟ್ಟೆಯಲ್ಲಿ ಬೆರಳು ಒಣಗಲು ಬಿಟ್ಟು ಹೇಳತೊಡಗಿದಳು. "ಒಬ್ಬ ರಾಜ ಇದ್ದ. ಅವನ ಅರಮನೆಗೆ ಏಳು ಬಾಗಿಲು. ಆರು ನಿಜವಾದ್ದು. ಏಳನೇದು ಗೋಡೆ ಮೇಲೆ ಬಣ್ಣದಲ್ಲಿ ಬರೆದ ಬಾಗಿಲು. ಚಿಲಕ, ಅಗುಳಿ, ಎಲ್ಲಾ ಬರೆದದ್ದೇ. ಹೊಸದಾಗಿ ಬಂದವರೆಲ್ಲ ನೇರ ಹೋಗಿ ಅದಕ್ಕೇ ಹಣೆ ಚಚ್ಕೊಳ್ಳೋರು."

"ಅದನ್ಯಾಕೆ ಬರೆಸಿದ ಅಜ್ಜಿ? ಕೆಲಸಕ್ಕೆ ಬಾರದ್ದು."

"ಕೆಲಸಕ್ಕೆ ಬರುತ್ತೆ ಕಣೇ. ಒಳಗೆ ಕೂತವರಿಗೆ ಬಂದವನು ಹೊರಗಿನವನು ಅಂತ ತಕ್ಷಣ ಗೊತ್ತಾಗಬೇಕಲ್ಲ. ಹಣೆ ಮೇಲೆ ಗುರುತು ಇರುತ್ತಲ್ಲ."

ಸ್ಟೋರಮ್ಮ ಕೈ ತೊಳೆಯಲು ಎದ್ದವಳು ಅಲ್ಲೇ ನಿಂತು ಕೇಳಿಸಿಕೊಂಡಳು. ಬಣ್ಣದ ಚಿಲಕಕ್ಕೆ ಕೈ ಹಾಕಿ ನಿಂತ ಯಾರೋ ಹೆಂಗಸು ಅವಳ ಕಣ್ಣಿಗೆ ಕಂಡಂತಾಯಿತು. ನಲ್ಲಿಯಲ್ಲಿ ನೀರು ಸುಮ್ಮನೆ ಹೋಗುತ್ತಿತ್ತು.

*

ಮಾರನೆಯ ದಿನ ತಾತ ಸೊಸೆಗೆ ಹೇಳಿದರು: "ಸ್ಟೋರಿಂದ ಒಂದು ಖಾಲಿ ಪೆಟ್ಟಿಗೆ ತಾರಮ್ಮ. ಬಾಟಲಿ ಅಲುಗಾಡದ ಹಾಗೆ ಒಳಗೆ ರಟ್ಟಿನ ಗೋಡೆ ಇರುತ್ತಲ್ಲ, ಅಂಥದ್ದು."

ಆ ಪೆಟ್ಟಿಗೆಯನ್ನು ಅವರು ಕತ್ತರಿಸಿ, ಗೋಂದು ಹಚ್ಚಿ, ಕೆಲವು ಗೋಡೆ ಒಡೆದು, ಕೆಲವು ಗೋಡೆ ಎಬ್ಬಿಸಿ ಎರಡು ದಿನದಲ್ಲಿ ಅಕ್ಷರಕ್ಕೊಂದರಂತೆ ಮೊಳೆಯ ಖಾನೆ ಮಾಡಿದರು. ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ತುಂಬಿದರು.

"ನೋಡು. ನಡುವೆ ದೊಡ್ಡ ಖಾನೆ ಇ. ಅದು ಮನೆಯ ಯಜಮಾನಿ, ಎಲ್ಲದಕ್ಕೂ ಬೇಕು. ಕೆ ಇಲ್ಲಿ, ಎಡಗಡೆ ಮೂಲೆ. ಪಿ ಬಲಗಡೆ. ನಿನ್ನ ಸ್ಟೋರಲ್ಲಿ ಏನು ಎಲ್ಲಿದೆ ಅಂತ ಓದ್ಕೊಂಡು ಹುಡುಕ್ತೀಯಾ?"

"ಇಲ್ಲ ಮಾವ. ಕೈ ಹೋಗುತ್ತೆ."

"ಅಷ್ಟೇ. ಕಿವಿಯ ಮಾತು ಕೇಳಬೇಡ. ಇಂಗ್ಲಿಷಿಗೆ ಕಿವಿ ಹಚ್ಚಿದವರು ಕೆಟ್ಟರು. ಒಂದು ಪದ ಅಂದ್ರೆ ಕೈ ಹೋಗೋ ದಾರಿ. ನ್ಯುಮೋನಿಯಾ ಅಂದ ತಕ್ಷಣ ಕೈ ಬಲಕ್ಕೆ ಹೋಗಲಿ. ಯಾಕೆ ಅಂತ ಕೈ ಕೇಳಲ್ಲ."

ಅವಳು ಎಡಗೈಯಲ್ಲಿ ಒಂದೊಂದೇ ಕಾಗದದ ಚೂರನ್ನು ಎತ್ತಿ ಸಾಲಾಗಿ ಜೋಡಿಸಿದಳು. ಆಮೇಲೆ ಬಲಗೈಯಲ್ಲಿ ನೋಡಿ ಬರೆದಳು. ಬಲಭುಜ ನೋಯುವುದರಿಂದ ಹುಡುಕಲು ಎಡಗೈ, ಬರೆಯಲು ಬಲಗೈ. ಹತ್ತು ಪದವಾಯಿತು, ಇಪ್ಪತ್ತಾಯಿತು. ಎರಡನೇ ವಾರಕ್ಕೆ ಕಾಗದ ಎತ್ತುವುದು ಬಿಟ್ಟು ಬರೀ ಬೆರಳಲ್ಲಿ ಖಾನೆಗಳನ್ನು ಮುಟ್ಟತೊಡಗಿದಳು. ಮೂರನೇ ವಾರಕ್ಕೆ ಪೆಟ್ಟಿಗೆಯೇ ಬೇಕಾಗಲಿಲ್ಲ. ಮೇಜಾದರೂ ಸರಿ, ಬಸ್ಸಿನ ಮುಂದಿನ ಸೀಟಿನ ಬೆನ್ನಾದರೂ ಸರಿ, ಎಡಗೈ ಟಕಟಕ ಎಂದು ಅಲ್ಲಿಲ್ಲದ ಖಾನೆಗಳಿಗೆ ಹೋಗಿಬರುತ್ತಿತ್ತು.

ಒಂದು ಬೆಳಿಗ್ಗೆ ಗಂಡ ನಿದ್ದೆಗಣ್ಣಲ್ಲಿ ಗೊಣಗಿದ: "ನನ್ನ ಬೆನ್ನ ಮೇಲೆ ಏನೇ ಅದು ಕುಟ್ಟೋದು?"

"ನ್ಯುಮೋನಿಯಾ."

"ಸ್ವಲ್ಪ ಆ ಕಡೆ ಕುಟ್ಟು. ನನಗೇ ಬಂದೀತು."

ಅವಳು ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಗುವುದನ್ನು ಕೇಳಿ ಬಹಳ ದಿನವಾಗಿತ್ತು ಎಂದು ಅಡುಗೆಮನೆಯಲ್ಲಿದ್ದ ಅಜ್ಜಿಗೆ ಅನಿಸಿತು.

ನಾಲ್ಕನೇ ವಾರ ಮಗಳು ನೂರು ಪದ ಹೇಳಿದಳು. ಎಂಬತ್ತೆಂಟು ಸರಿ. ಮರುದಿನ ತೊಂಬತ್ತೊಂದು. ಹುಡುಗಿ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ಆಮೇಲೆ ಏನೋ ನೆನಪಾಗಿ ಹೇಳಿದಳು. "ಅಮ್ಮ, ಆ ಕೈ ಕುಟ್ಟೋದು ಮಾತ್ರ ಪರೀಕ್ಷೇಲಿ ಬೇಡ. ನೋಡೋರಿಗೆ ಒಂಥರ ಕಾಣುತ್ತೆ."

ತಾಯಿ ಕೈ ಮಡಿಲಲ್ಲಿಟ್ಟುಕೊಂಡು ಬರೆದು ನೋಡಿದಳು. ಐವತ್ತೆರಡು.

"ಅವಳನ್ನ ಹೆದರಿಸಬೇಡ" ಎಂದು ತಾತ ಮೊಮ್ಮಗಳ ಮೇಲೆ ರೇಗಿದರು. "ಕೈ ಕಟ್ಟಿದ್ರೆ ತಲೆನೂ ಕಟ್ಟುತ್ತೆ. ನಲವತ್ತೊಂದು ವರ್ಷ ನಾನು ಕೈ ಆಡಿಸಿದ್ದನ್ನ ಯಾರಾದ್ರೂ ತಪ್ಪು ಅಂದ್ರಾ? ಓಡಲಿ ಬಿಡಮ್ಮ. ಬೆರಳು ಓಡಲಿ."

*

ಪರೀಕ್ಷೆ ನಡೆದದ್ದು ಆಸ್ಪತ್ರೆಯ ಊಟದ ಹಾಲಿನಲ್ಲಿ. ಉದ್ದ ಮೇಜುಗಳನ್ನು ಒರೆಸಿದ್ದರೂ ಅಂಟು ಉಳಿದಿತ್ತು. ಹನ್ನೆರಡು ಜನ: ಗೇಟಿನ ಕಾವಲುಗಾರ, ಬಟ್ಟೆ ಒಗೆಯುವ ವಿಭಾಗದ ಇಬ್ಬರು, ಬಿಲ್ ಕೌಂಟರಿನ ಒಬ್ಬ ತರುಣ, ಹೀಗೆ. ಮೇಲ್ವಿಚಾರಕ ನಡೆದಾಡುತ್ತಾ ಒಂದೊಂದೇ ಪದವನ್ನು ಎರಡೆರಡು ಸಲ ಹೇಳಿದ.

ಸ್ಟೋರಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟಳು. ಪದ ಬೀಳುತ್ತಿತ್ತು, ಎಡಗೈ ಹೊರಡುತ್ತಿತ್ತು, ಬಲಗೈ ಬರೆಯುತ್ತಿತ್ತು. ಪ್ಲಾಸ್ಟರ್. ಕ್ಯಾಥೆಟರ್. ಟಂಗ್ ಡಿಪ್ರೆಸರ್. ಹದಿನಾಲ್ಕು ಸಾಲುಗಳ ನಡುವೆ ತಾನು ನಡೆಯುತ್ತಿದ್ದೇನೆ, ಪ್ರತಿ ಪೆಟ್ಟಿಗೆಯೂ ತಾನಿರುವಲ್ಲೇ ಇದೆ ಅನಿಸಿತು. ಅರವತ್ತು ದಾಟಿತು. ಅರವತ್ತೊಂದು, ಅರವತ್ತೆರಡು.

ಅರವತ್ತಮೂರನೇ ಪದಕ್ಕೆ ಮೇಲ್ವಿಚಾರಕ ಅವಳ ಪಕ್ಕದಲ್ಲಿ ನಿಂತುಬಿಟ್ಟ.

"ಏನದು ಕೈ?"

ಅವಳು ಬೆಚ್ಚಿದಳು. ಎಡಗೈ ಮೇಜಿನ ಮೇಲೆ ನಡುದಾರಿಯಲ್ಲಿತ್ತು.

"ಅವಾಗಿಂದ ನೋಡ್ತಿದೀನಿ. ಮೂರು ಬಡಿತ, ಎರಡು ಬಡಿತ, ಆ ಕಡೆ, ಈ ಕಡೆ. ಯಾರಿಗೆ ಸನ್ನೆ ಮಾಡ್ತಿದೀರಿ?"

"ಸನ್ನೆ ಅಲ್ಲ ಸಾರ್. ಖಾನೆ... ಖಾನೆ ಹುಡುಕ್ತಿದ್ದೆ."

"ಯಾವ ಖಾನೆ?"

"ಅಕ್ಷರದ ಖಾನೆ ಸಾರ್. ನಮ್ಮ ಮಾವ ಮೊಳೆ ಜೋಡಿಸ್ತಿದ್ರು."

ಯಾರೋ ಕಿಸಕ್ಕೆಂದರು. ಮೇಲ್ವಿಚಾರಕ ಅವಳ ಎದುರು ಕೂತಿದ್ದ ಬಿಲ್ಲಿನ ತರುಣನ ಕಾಗದ ಎತ್ತಿ ನೋಡಿದ, ಅವಳದನ್ನು ನೋಡಿದ. ಇಬ್ಬರದೂ ಹೆಚ್ಚುಕಡಿಮೆ ಒಂದೇ, ಇಬ್ಬರದೂ ಸರಿ.

"ಆಯಾ ಕೆಲಸ ಮಾಡೋರಿಗೆ ಇಷ್ಟೆಲ್ಲ ಎಲ್ಲಿಂದ ಬಂತು ಅಂತ ನಾನೂ ಯೋಚಿಸ್ತಿದ್ದೆ" ಎಂದ. ಕೂಗಲಿಲ್ಲ, ಮೆಲ್ಲಗೆ, ಬೇಸರದಿಂದ ಹೇಳಿದ. ತರುಣನನ್ನು ಬೇರೆ ಮೇಜಿಗೆ ಕಳಿಸಿದ. ಅವಳ ಕಾಗದದ ಮೇಲೆ ಉದ್ದಕ್ಕೂ ಕೆಂಪು ಗೆರೆ ಎಳೆದು ಮಡಿಸಿ ಜೇಬಿಗಿಟ್ಟುಕೊಂಡ.

"ಸಾರ್, ಮಿಕ್ಕಿದ್ದು ಹೇಳಿ. ಬರೀದೆ, ಬಾಯಲ್ಲಿ ಒಂದೊಂದೇ ಅಕ್ಷರ ಹೇಳ್ತೀನಿ."

"ಹೊರಗೆ ನಡೀರಿ. ಬೇರೆಯವರಿಗೆ ತೊಂದರೆ."

*

ನಾಲ್ಕು ದಿನದ ಮೇಲೆ ಕಾಗದ ಬಂತು. ಪರೀಕ್ಷೆಯಲ್ಲಿ ಮೋಸ ಮಾಡಿದ್ದಕ್ಕೆ ವಿಚಾರಣೆ; ಮುಗಿಯುವವರೆಗೆ ಕೆಲಸಕ್ಕೆ ಬರುವಂತಿಲ್ಲ. ಅದು ಬೇಡವಾದರೆ ತಪ್ಪೊಪ್ಪಿಗೆ ಬರೆದುಕೊಡಬಹುದು. ಆಗ ಆಯಾ ಕೆಲಸ ಉಳಿಯುತ್ತದೆ, ಮೂರು ವರ್ಷ ಯಾವ ಪರೀಕ್ಷೆಗೂ ಕೂರುವಂತಿಲ್ಲ. ಉತ್ತರ ಸೋಮವಾರದೊಳಗೆ.

"ನಾನು ಹೋಗಿ ಹೇಳ್ತೀನಿ" ಎಂದರು ತಾತ. "ಹೇಳಿದ್ರೆ ಅರ್ಥವಾಗದ್ದೇನಿದೆ ಇದರಲ್ಲಿ?"

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೆ ಹೋದವರು ಮೂರು ಗಂಟೆಗೆ ಬಂದರು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಕೂತರು. ಅಜ್ಜಿ ನೀರು ಕೊಟ್ಟಳು.

"ಮೇಲ್ವಿಚಾರಕರು ಸಿಕ್ಕರಾ?"

"ಎರಡು ಗಂಟೆಗೆ ಕೌಂಟರಿನ ಹತ್ರ ಕರೆದ್ರು. ಗಾಜಿನ ಆಚೆ ಒಬ್ಬಳು ಹುಡುಗಿ. ಅವಳಿಗೆ ಕೈಯಲ್ಲಿ ಮಾಡಿ ತೋರಿಸಿದೆ. ಇಲ್ಲಿ ಇ, ಇಲ್ಲಿ ಎನ್, ಹೀಗೆ ಹೋಗಬೇಕು, ಹೀಗೆ ಬರಬೇಕು ಅಂತ." ಗಾಳಿಯಲ್ಲಿ ಬೆರಳಾಡಿಸಿದರು. ಜೇಬಿನಿಂದ ಒಂದು ಚೀಟಿ ತೆಗೆದು ಮೊಮ್ಮಗಳಿಗೆ ಕೊಟ್ಟರು. "ಪಾಪ, ಒಳ್ಳೇ ಹುಡುಗಿ. ಇದನ್ನ ಕೊಟ್ಟಳು. ಏನು ಬರೆದಿದೆ ನೋಡು."

ಹುಡುಗಿ ಓದಿದಳು. ನರರೋಗ ವಿಭಾಗ, ಕೊಠಡಿ ಒಂಬತ್ತು, ಕೈ ನಡುಕ.

ಅಜ್ಜಿ ಒಳಗೆ ಹೋಗಿ ಟೀಗೆ ನೀರಿಟ್ಟಳು.

ಸಂಜೆ ಲಿಫ್ಟಿನವನು ಬಂದ ಮೇಲೆ ಜಗಳ ಸಿಡಿಯಿತು.

"ಬರೆದುಕೊಟ್ಟು ಮುಗಿಸು. ವಿಚಾರಣೆ ಅಂದ್ರೆ ಆರು ತಿಂಗಳು. ಅಲ್ಲೀವರೆಗೆ ಮನೇಲಿ ಕೂತು ಏನು ಮಾಡ್ತೀಯ?"

"ಮಾಡದ ತಪ್ಪನ್ನ ಮಾಡಿದೀನಿ ಅಂತ ಬರೀಲಾ?"

"ಬರೀ. ಕಾಗದದ ಮೇಲೆ ತಾನೆ!"

"ನಿಮಗೇನು, ಬರೀ ಕಾಗದ. ನಾಳೆಯಿಂದ ವಾರ್ಡಿನವರು ಕಳ್ಳಿ ಅನ್ನೋದು ನನ್ನನ್ನ."

"ಹಾಗಾದ್ರೆ ಕೈ ಸುಮ್ಮನೆ ಇಟ್ಕೋಬೇಕಿತ್ತು! ಹುಡುಗಿ ಹೇಳಿರಲಿಲ್ವಾ?" ಅವನು ತಂದೆಯ ಕಡೆ ತಿರುಗಿದ. "ನೀವು ಅಪ್ಪ! ಓಡಲಿ ಓಡಲಿ ಅಂದ್ರಿ. ಓಡಿ ಎಲ್ಲಿಗೆ ಹೋಯ್ತು ನೋಡಿ. ಪ್ರಪಂಚದ ಇಂಗ್ಲಿಷ್ ತಿದ್ದೋಕೆ ಹೊರಟೋರು, ಇವಳ ನೌಕರಿ ಕಳೆದ್ರಿ."

"ರೀ, ಮಾವನಿಗೆ ಅನ್ನಬೇಡಿ. ಅವರು ಕಲಿಸದೇ ಇದ್ದಿದ್ರೆ ಹತ್ತೊಂಬತ್ತಕ್ಕೇ ನಿಲ್ತಿದ್ದೆ."

"ನಿಂತಿದ್ರೆ ಫೇಲು ಅಷ್ಟೇ ಆಗ್ತಿತ್ತು. ಕಳ್ಳಿ ಆಗ್ತಿರಲಿಲ್ಲ."

ತಾತ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅಂದು ಅವರು ಊಟಕ್ಕೆ ಏಳಲಿಲ್ಲ. ಅಜ್ಜಿ ಕರೆದಳು, ಮೊಮ್ಮಗಳು ಕರೆದಳು, ಕೊನೆಗೆ ಸೊಸೆ ತಟ್ಟೆ ತೆಗೆದುಕೊಂಡು ಹೋಗಿ ಮುಂದಿಟ್ಟಳು.

"ಏಳಿ ಮಾವ. ಅನ್ನ ಆರುತ್ತೆ."

"ನನ್ನ ಕೈಲಿ ಬೇರೇನೂ ಇರಲಿಲ್ಲಮ್ಮ" ಎಂದರು ತಾತ. "ನನಗೆ ಗೊತ್ತಿದ್ದದ್ದು ಅದೊಂದೇ."

"ಗೊತ್ತು. ಉಣ್ಣಿ."

*

ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅವಳು ಮಗಳನ್ನು ಕರೆದಳು. "ಆ ಒಪ್ಪಿಗೆ ಪತ್ರದಲ್ಲಿ ಏನೇನಿರಬೇಕು, ಇಂಗ್ಲಿಷಲ್ಲಿ ಹೇಳು."

"ನಾನೇ ಬರೆದುಕೊಡ್ತೀನಮ್ಮ. ಸಹಿ ಹಾಕು ಸಾಕು."

"ಹೇಳು ಅಂದೆ."

ಹುಡುಗಿ ಹೇಳಿದಳು. ನಾನು ಬೇಕೆಂದೇ ತಪ್ಪು ಮಾಡಿದೆ. ಕೈಸನ್ನೆಯಿಂದ ಉತ್ತರ ಪಡೆದೆ. ಇದಕ್ಕಾಗಿ ನಾಚುತ್ತೇನೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಒಂದೊಂದು ವಾಕ್ಯಕ್ಕೂ ಅವಳ ದನಿ ಸಣ್ಣದಾಗುತ್ತಾ ಹೋಯಿತು. ತಾಯಿ ಬರೆಯುತ್ತಾ ಹೋದಳು. ಕಲಿತ ನೂರರಲ್ಲಿ ಇವು ಯಾವುವೂ ಇರಲಿಲ್ಲ. ಹೊಸ ಪದ ಬಂದಾಗಲೆಲ್ಲ ಅಕ್ಷರಗಳನ್ನು ಒಂದು ಸಲ ಕೇಳುವಳು, ಎಡಗೈ ಒಂದು ಸಲ ಹೋಗಿಬರುವುದು, ಅಷ್ಟೇ. ಆಮೇಲೆ ಬೇರೊಂದು ಹಾಳೆಯಲ್ಲಿ ಯಾರನ್ನೂ ಕೇಳದೆ ಇಡೀ ಪತ್ರವನ್ನು ಮೊದಲಿನಿಂದ ಬರೆದಳು.

ಹುಡುಗಿ ಓದಿ ನೋಡಿದಳು. ಪೆನ್ನು ಕೈಯಲ್ಲೇ ಉಳಿಯಿತು. ತಿದ್ದಲು ಏನೂ ಇರಲಿಲ್ಲ. ತಾತನ ಕೈಗೆ ಕೊಟ್ಟಳು. ಅವರು ಮುದ್ರಣಾಲಯದ ರೂಢಿಯಂತೆ ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ ಮುಟ್ಟುತ್ತಾ ನೋಡಿದರು. ಅರ್ಥ ಅವರಿಗೆ ತಿಳಿಯದು. ಬಾಯಿ ಮುಚ್ಚಿ ಕೂತ ಅಕ್ಷರಗಳೆಲ್ಲ ಅಲ್ಲಲ್ಲೇ ಕೂತಿದ್ದವು.

"ಒಂದೂ ತಪ್ಪಿಲ್ಲ" ಎಂದರು. ಪತ್ರವನ್ನು ಹಿಂದಿರುಗಿಸಿದರು.

ಸೋಮವಾರ ಬೆಳಿಗ್ಗೆ ಅವಳು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಸಾಲು ನಿಂತಳು. ಮೇಜಿನ ಹಿಂದಿದ್ದ ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದು ಓದಿದ. ಮಧ್ಯದಲ್ಲಿ ನಿಲ್ಲಿಸಿ ಅವಳನ್ನು ನೋಡಿದ, ಮತ್ತೆ ಓದಿದ.

"ಚೆನ್ನಾಗಿದೆ. ಒಂದು ಸ್ಪೆಲಿಂಗೂ ತಪ್ಪಿಲ್ಲ. ಯಾರು ಬರೆದಿದ್ದು ಇದು?"

ಅವಳ ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ತಾನೇ ಎಂದು ಹೇಳಬಹುದಿತ್ತು. ಹೇಳಿದರೆ ಅವನು ಮೇಲ್ವಿಚಾರಕನನ್ನು ಕರೆಯುತ್ತಾನೆ, ಮೇಲ್ವಿಚಾರಕ ಕಾಗದವನ್ನು ಓದುತ್ತಾನೆ, ಹಾಗಾದರೆ ಇದರಲ್ಲಿ ಬರೆದದ್ದು ಸುಳ್ಳೇ ಎಂದು ಕೇಳುತ್ತಾನೆ, ಮತ್ತೆ ವಿಚಾರಣೆ, ಮತ್ತೆ ಆರು ತಿಂಗಳು.

"ನನ್ನ ಮಗಳು" ಎಂದಳು.

"ಅದೇ ಅಂದ್ಕೊಂಡೆ. ಓದಿಸಿ ಅವಳನ್ನ, ಮುಂದೆ ಬರ್ತಾಳೆ." ಅವನು ಸೀಲು ಒತ್ತಿ ಕಾಗದವನ್ನು ಕಡತಕ್ಕೆ ಸೇರಿಸಿದ. "ಹೋಗಿ, ಕೆಲಸ ಶುರು ಮಾಡಿ."

ಅವಳು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು. ಕೀಪರಿನ ಕುರ್ಚಿಯಲ್ಲಿ ಬಿಲ್ಲಿನ ತರುಣ ಕೂತಿದ್ದ. ಅವಳನ್ನು ಕಂಡು ಅರ್ಧ ಎದ್ದ, ಕಿವಿ ಕೆಂಪಗಾಯಿತು, ಮತ್ತೆ ಕೂತ. ಬಾಗಿಲ ಬಳಿ ಬೆಳಿಗ್ಗೆ ಬಂದ ಗ್ಲೂಕೋಸಿನ ಪೆಟ್ಟಿಗೆಗಳು ಎದೆಯೆತ್ತರ ಪೇರಿಸಿದ್ದವು.

"ಇವು ಎಲ್ಲಿಗೆ ಹೋಗಬೇಕು ಸ್ಟೋರಮ್ಮ?" ಎಂದು ಅವನು ಕೇಳಿದ.

"ಎಂಟನೇ ಸಾಲು, ಕೆಳಗಡೆ" ಎಂದು ಹೇಳಿ, ಅವಳು ಮೊದಲ ಪೆಟ್ಟಿಗೆಯನ್ನು ಎಡಭುಜಕ್ಕೆ ಎತ್ತಿಕೊಂಡಳು.